ಅರ್ಧ ಮನೆ ಕೆಳಗಿನ ಪೇಟಿ

ಕಳೆದ ವರ್ಷ ನವೆಂಬರ್ ತಿಂಗಳ ಒಂದು ಸೋಮವಾರ ಸಂಜೆ, ಶಿಕಾರಿಪುರದ ಗೊಬ್ಬರದಂಗಡಿಯೊಂದರ ಮಹಡಿಯಲ್ಲಿ, ನಮ್ಮ ಹಾರ್ಮೋನಿಯಂ ಇರಬೇಕಾದುದಕ್ಕಿಂತ ಅರ್ಧ ಮನೆ ಕೆಳಗಿದೆ ಎಂಬುದು ಗೊತ್ತಾಯಿತು. ಆಗ ಅಲ್ಲಿ ನಾವು ನಾಲ್ಕು ಜನ ಇದ್ದೆವು.

ಹಾರ್ಮೋನಿಯಂಗೆ ನಮ್ಮಲ್ಲಿ ಪೇಟಿ ಅನ್ನುತ್ತೇವೆ. ಅದರ ಒಂದೊಂದು ಪಟ್ಟಿಗೂ ಮನೆ ಎಂದು ಹೆಸರು. ಹಾಡುವವರು ತಮ್ಮ ಷಡ್ಜ ಯಾವ ಮನೆಯಲ್ಲಿದೆ ಎಂದು ಹೇಳುವಾಗ ಬಿಳಿ ಒಂದು, ಕರಿ ಎರಡು, ಕರಿ ನಾಲ್ಕು ಎನ್ನುತ್ತಾರೆ. ಅರ್ಧ ಮನೆ ಎಂಬುದು ಯಾವ ಪೇಟಿಯಲ್ಲೂ ಇರುವುದಿಲ್ಲ. ಅದು ಎರಡು ಪಟ್ಟಿಗಳ ನಡುವೆ ಬೆರಳಿಗೆ ಸಿಗದ ಜಾಗ.

ಪೇಟಿ ನುಡಿಸುವವರು ಪ್ರಾಥಮಿಕ ಶಾಲೆಯಿಂದ ನಿವೃತ್ತರಾದ ಮೇಷ್ಟ್ರು. ಊರಿನಲ್ಲಿ ಅವರನ್ನು ಪೇಟಿ ಮೇಷ್ಟ್ರು ಎಂದೇ ಕರೆಯುತ್ತಾರೆ. ತಬಲಾ ನುಡಿಸುವವರು ಹಳೇ ಪೇಟೆಯಲ್ಲಿ ಗಾದಿ ಹೊಲಿಯುವ ಅಂಗಡಿ ಇಟ್ಟಿದ್ದಾರೆ. ನಮಗೆಲ್ಲ ಅವರು ಭಾಯ್. ಹಾಡುವವರು ಸೊರಬದವರು, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಟೈಲರಿಂಗ್ ಅಂಗಡಿ ನಡೆಸುತ್ತಾರೆ. ವಯಸ್ಸು ನಲವತ್ತು ದಾಟಿದೆ. ಅವರನ್ನು ಅಕ್ಕ ಎನ್ನುತ್ತೇವೆ. ನಾನು ಜಿಲ್ಲಾ ಪತ್ರಿಕೆಯೊಂದಕ್ಕೆ ಈ ಎರಡು ತಾಲ್ಲೂಕುಗಳ ಸುದ್ದಿ ಬರೆಯುತ್ತೇನೆ. ಸೋಮವಾರಗಳಲ್ಲಿ ತಾಳ ಹಾಕುತ್ತೇನೆ. ಬೇರೆ ಯಾವ ವಾದ್ಯವೂ ನನಗೆ ಬರುವುದಿಲ್ಲ.

ಒಂದು ಸೋಮವಾರ ಶಿಕಾರಿಪುರದ ಮಹಡಿಯಲ್ಲಿ ಸೇರಿದರೆ ಮುಂದಿನದು ಸೊರಬದ ಟೈಲರಿಂಗ್ ಅಂಗಡಿಯಲ್ಲಿ. ಕೆಲವೊಮ್ಮೆ ಆನವಟ್ಟಿಯವರು, ಹೊಸಬಾಳೆಯವರು ಬರುತ್ತಾರೆ. ವಚನ, ತತ್ವಪದ, ಒಂದೆರಡು ರಾಗ, ನಡುವೆ ಮಂಡಕ್ಕಿ, ಮೆಣಸಿನಕಾಯಿ. ಶಿರಾಳಕೊಪ್ಪದ ಮೇಲೆ ಹೋಗುವ ಕೊನೆಯ ಬಸ್ಸು ಬಿಡುವ ಹೊತ್ತಿಗೆ ಮುಗಿಯುತ್ತದೆ. ಹಾಡು ಎಷ್ಟೇ ಚೆನ್ನಾಗಿ ಬರುತ್ತಿದ್ದರೂ ಬಸ್ಸಿನ ಹಾರನ್ ಕೇಳಿದರೆ ಅಕ್ಕ ಚರಣದ ಮಧ್ಯದಲ್ಲೇ ಚಪ್ಪಲಿ ಹುಡುಕುತ್ತಾರೆ.

ಆ ಸೋಮವಾರ ಅಕ್ಕ ಎರಡು ಸುದ್ದಿ ತಂದಿದ್ದರು. ಒಂದು, ಫೆಬ್ರುವರಿಯಲ್ಲಿ ನಡೆಯುವ ರೇಡಿಯೋದ ಧ್ವನಿ ಪರೀಕ್ಷೆಗೆ ಕರೆ ಬಂದಿದೆ. ಇನ್ನೊಂದು, ಮಗಳು ಫೋನಿಗೆ ತಂಬೂರಿಯ ಆ್ಯಪ್ ಹಾಕಿಕೊಟ್ಟಿದ್ದಾಳೆ.

ರೇಡಿಯೋ ಪರೀಕ್ಷೆ ಅವರಿಗೆ ಎರಡನೆಯದು. ಏಳೆಂಟು ವರ್ಷದ ಹಿಂದೆ ಮೊದಲ ಸಲ ಹೋದಾಗ, ಕಂಠ ಚೆನ್ನಾಗಿದೆ, ಶ್ರುತಿ ನಿಲ್ಲುತ್ತಿಲ್ಲ ಎಂದು ಹೇಳಿ ಕಳಿಸಿದ್ದರು. ಅಲ್ಲಿಂದ ಬಂದವರು ಬಹಳ ಕಾಲ ಒಬ್ಬರೇ ಹಾಡಲಿಲ್ಲ. ನಾಲ್ಕು ಜನರ ನಡುವೆ ದನಿ ಸೇರಿಸುತ್ತಿದ್ದರು, ಅಷ್ಟೇ. ಈ ಸಲ ಅರ್ಜಿ ಹಾಕಿದಾಗಲೇ ನಮಗೆ ಹೇಳಿದ್ದರು: "ಇದೇ ಕಡೇದು. ಆಗ್ಲಿಲ್ಲ ಅಂದ್ರೆ ಇನ್ನು ಸುಮ್ನೆ ಬ್ಲೌಸ್ ಹೊಲೀತೀನಿ. ಸೋಮವಾರಕ್ಕೂ ಕರೀಬೇಡಿ."

ಫೋನಿನ ತಂಬೂರಿಯನ್ನು ಕರಿ ನಾಲ್ಕಕ್ಕೆ ಇಟ್ಟು, ಜಮಖಾನದ ಮೇಲೆ ಮಲಗಿಸಿ, "ಮೇಷ್ಟ್ರೇ, ಕರಿ ನಾಲ್ಕು ಕೊಡಿ" ಎಂದರು. ಮೇಷ್ಟ್ರು ಕೊಟ್ಟರು. ಎರಡು ಸ್ವರಗಳೂ ಒಂದಕ್ಕೊಂದು ತಿಕ್ಕಾಡಿ ಗುಂಯ್ ಗುಂಯ್ ಎಂದು ನಡುಗತೊಡಗಿದವು.

"ಅಕ್ಕಾ, ಚಾರ್ಜ್ ಕಮ್ಮಿ ಇರಬೇಕು ನೋಡ್ರಿ" ಎಂದರು ಭಾಯ್.

"ಚಾರ್ಜ್ ಕಮ್ಮಿ ಆದ್ರೆ ಸ್ವರ ಏರ್ತದಾ ಭಾಯ್?"

"ಹೊಸಾ ಮಾಲು ಅಲ್ವಾ, ಏರಿದ್ರೂ ಏರ್ತದೆ."

ನನ್ನ ಫೋನಿಗೂ ಅದೇ ತಂಬೂರಿ ಹಾಕಿಕೊಂಡೆವು. ಅದೇ ಗುಂಯ್ ಗುಂಯ್. ಭಾಯ್ ಕೆಳಗಿಳಿದು ಗೊಬ್ಬರದಂಗಡಿಯವರ ಫೋನು ತಂದರು. ಮೂರೂ ಫೋನುಗಳು ಒಂದೇ ಸ್ವರ ಹಿಡಿದು ನಿಂತವು. ಪೇಟಿ ಒಂದೇ ಬೇರೆ. ಫೋನಿನ ಕರಿ ನಾಲ್ಕಕ್ಕೂ ಅದರ ಕೆಳಗಿನ ಬಿಳಿ ಐದಕ್ಕೂ ನಡುವೆ, ಎರಡಕ್ಕೂ ಸೇರದೆ ನಿಂತಿತ್ತು.

ಇದು ನಮಗೆ ಮೊದಲೇ ತಿಳಿಯಬೇಕಿತ್ತು. ಆನವಟ್ಟಿಯಲ್ಲಿ ಒಂದು ಮದುವೆಯ ಆರತಕ್ಷತೆಗೆ ಹಾಡಲು ಹೋದಾಗ, ಹೊರಗಿನಿಂದ ಬಂದಿದ್ದ ಕೀಬೋರ್ಡ್‌ನವನು "ಸಾರ್, ನಿಮ್ಮ ಪೇಟಿ ಇಳಿದಿದೆ" ಎಂದಿದ್ದ. ನಿನ್ನದೇ ಏರಿದೆ ಎಂದು ನಾವೆಲ್ಲ ಸೇರಿ ವಾದಿಸಿ, ಅವನ ಕೀಬೋರ್ಡ್ ಆಫ್ ಮಾಡಿಸಿದ್ದೆವು. ಇನ್ನೊಮ್ಮೆ ಕೊಳಲಿನವರೊಬ್ಬರು ಬಂದು, ಎರಡು ಹಾಡು ಒದ್ದಾಡಿ, ನೆಗಡಿಯಾಗಿದೆ ಎಂದು ಕೊಳಲು ಚೀಲಕ್ಕೆ ಹಾಕಿಕೊಂಡರು. ಹೊರಗಿನವರು ಸ್ವಲ್ಪ ಏರಿ ನುಡಿಸುತ್ತಾರೆ ಎಂಬುದು ನಮ್ಮ ಕಡೆ ಎಲ್ಲರೂ ಒಪ್ಪಿಕೊಂಡ ಮಾತು.

ಒಪ್ಪಿಕೊಳ್ಳಲು ಕಾರಣವೂ ಇತ್ತು. ನಮ್ಮಲ್ಲಿ ಯಾರೇ ಹೊಸ ಪೇಟಿ ಕೊಂಡರೂ ಅದನ್ನು ನೇರವಾಗಿ ನುಡಿಸುವುದಿಲ್ಲ. ಮೊದಲು ಮೇಷ್ಟ್ರ ಮನೆಗೆ ತರುತ್ತಾರೆ. ಹೊಸ ಪೇಟಿ ಒಂದು ವಾರ ಅವರ ಪೇಟಿಯ ಪಕ್ಕದಲ್ಲಿ ಕೂರಬೇಕು. ಮೇಷ್ಟ್ರು ಅದರ ಒಂದೊಂದು ರೀಡನ್ನೂ ಬಿಚ್ಚಿ, ಸಣ್ಣ ಅರದಿಂದ ಉಜ್ಜಿ, ತಮ್ಮ ಪೇಟಿಗೆ ಸರಿಯಾಗಿ ಕೂಡಿಸಿ ಕೊಡುತ್ತಾರೆ. ರೀಡೆಂದರೆ ಒಳಗಿನ ಹಿತ್ತಾಳೆಯ ನಾಲಿಗೆ. ಗಾಳಿ ಬಡಿದರೆ ಅದೇ ಸ್ವರ ಹೊರಡಿಸುವುದು. ಚಂದ್ರಗುತ್ತಿಯ ಭಜನೆಯವರ ಪೇಟಿ ಹೀಗೆ ಕೂಡಿದ್ದು. ಹೊಸಬಾಳೆಯದು, ಆನವಟ್ಟಿಯದು, ಅಕ್ಕನ ಅಂಗಡಿಯದು ಕೂಡ ಹೀಗೆಯೇ. ಅಂಗಡಿಯಿಂದ ಸರಿಯಾಗಿಯೇ ಬಂದ ಪೇಟಿಗಳನ್ನೆಲ್ಲ ನಾವು ಜತನದಿಂದ ಅರ್ಧ ಮನೆ ಇಳಿಸಿ ಇಟ್ಟುಕೊಂಡಿದ್ದೆವು. ಭಾಯ್ ಅವರ ತಬಲಾ ಅದಕ್ಕೇ ಬಿಗಿದದ್ದು. ಎಲ್ಲರ ಕಿವಿಯೂ ಅಲ್ಲಿಯೇ ಪಳಗಿತ್ತು.

ಮೇಷ್ಟ್ರು ಪೇಟಿಯ ತಿದಿ ಮುಚ್ಚಿ ಕೊಕ್ಕೆ ಹಾಕಿದರು. "ಬಸ್ಸಿನ ಹೊತ್ತಾತು" ಎಂದರು. ಬಸ್ಸಿಗೆ ಇನ್ನೂ ಸಮಯವಿತ್ತು.

ಮೆಟ್ಟಿಲಿಳಿಯುವಾಗ ಅಕ್ಕ ನನ್ನನ್ನು ಕೇಳಿದರು: "ಪೇಪರ್‌ನೋರೇ, ರೇಡಿಯೋದವರ ಪೇಟಿ ನಮ್ಮ ಪೇಟಿ ಹಾಗಿರ್ತದಾ, ಫೋನಿನ ಹಾಗಿರ್ತದಾ?"

"ಫೋನಿನ ಹಾಗೆ."

"ಹೌದಲ್ದಾ" ಎಂದಷ್ಟೇ ಹೇಳಿ ಬಸ್ಸಿನ ಕಡೆ ನಡೆದರು.

ಆ ವಾರವೆಲ್ಲ ಅವರು ಫೋನಿನ ಜೊತೆ ಹಾಡಿ ನೋಡಿದರು. ಬಿಳಿ ಐದಕ್ಕೆ ಇಳಿದರೆ ಕೆಳಗಿನ ಸ್ವರಗಳು ಗಾಳಿಯಾಗಿ ಹೋಗುತ್ತಿದ್ದವು. ಕರಿ ನಾಲ್ಕಕ್ಕೆ ಏರಿದರೆ ಮೇಲಿನ ಗಾಂಧಾರದಲ್ಲಿ ಗಂಟಲು ಬಿರಿಯುತ್ತಿತ್ತು. ಅದಕ್ಕಿಂತ ಕಷ್ಟವೆಂದರೆ, ಕಣ್ಣು ಮುಚ್ಚಿ ಎರಡು ಸಾಲು ಹಾಡುವಷ್ಟರಲ್ಲಿ ದನಿ ತಾನಾಗಿ ಜಾರಿ ಹಳೇ ಜಾಗಕ್ಕೆ ಬಂದು ಕೂರುತ್ತಿತ್ತು. ರೇಡಿಯೋದವರು ಹೇಳಿದ್ದು ಇದನ್ನೇ. ಶನಿವಾರ ನನಗೆ ಫೋನ್ ಮಾಡಿ, ದನಿ ಕಟ್ಟಿಹೋಗಿದೆ, ಆ ತಂಬೂರಿಯನ್ನು ಅಳಿಸಿ ಹಾಕಿದೆ ಎಂದರು. ಪರೀಕ್ಷೆಗೆ ಹೋಗುವುದೋ ಬಿಡುವುದೋ ಎಂಬ ಮಾತು ಆಡಲಿಲ್ಲ.

ಮರುದಿನ ಬೆಳಿಗ್ಗೆ ಮೇಷ್ಟ್ರು ಹೇಳಿಕಳಿಸಿದರು. ಹೋದಾಗ ಪೇಟಿಯ ಮೇಲಿನ ಹಲಗೆ ಬಿಚ್ಚಿತ್ತು. ರೀಡುಗಳ ಸಾಲಿನ ಮುಂದೆ ಕನ್ನಡಕ ಹಾಕಿಕೊಂಡು ಕೂತಿದ್ದರು.

"ಇದು ತಾನಾಗೆ ಇಳದದ್ದಲ್ರಿ. ನಾನು ಇಳಿಸಿದ್ದು."

ನಾನು ಕೂತೆ. ಅವರು ಹೇಳಿದ್ದು ಇಷ್ಟು. ಅವರ ಗುರುಗಳು ಕರಿ ಎರಡರಲ್ಲಿ ಹಾಡುತ್ತಿದ್ದರು. ಅದು ಅವರ ಹೆಮ್ಮೆ. ವಯಸ್ಸಾದಂತೆ ಉಳಿದವರು ಮನೆ ಇಳಿಸಿಕೊಂಡರೂ ತಾನು ಇಳಿದಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಎಪ್ಪತ್ತರ ಮೇಲೆ ಮೇಲಿನ ಸ್ವರ ಮುಟ್ಟಲು ಒದ್ದಾಡತೊಡಗಿದರು. ಆಗ ಶಿಷ್ಯರಾಗಿದ್ದ ಮೇಷ್ಟ್ರು ದಸರಾ ರಜೆಯಲ್ಲಿ ಇದೇ ಪೇಟಿ ಒರೆಸುವ ನೆಪದಲ್ಲಿ ಎಲ್ಲ ರೀಡುಗಳನ್ನೂ ಬುಡದಲ್ಲಿ ಒಂದು ಕೂದಲೆಳೆಯಷ್ಟು ಉಜ್ಜಿದರು. ಬುಡದಲ್ಲಿ ಉಜ್ಜಿದರೆ ಸ್ವರ ಇಳಿಯುತ್ತದೆ. ಮರುವರ್ಷ ಇನ್ನೊಂದಿಷ್ಟು. ಹೀಗೆ ಗುರುಗಳು ಇರುವ ತನಕ.

"ಅವರಿಗೆ ಗೊತ್ತಾಗಲಿಲ್ವಾ?"

"ಕರಿ ಎರಡು ಒತ್ತು ಅಂತಿದ್ರು, ಒತ್ತತಿದ್ದೆ. ಹಾಡತಿದ್ರು. ನೋಡೋ, ಇನ್ನೂ ಕರಿ ಎರಡೇ ಐತಿ ಅಂತಿದ್ರು."

"ಆಮೇಲೆ ಏರಿಸಬಹುದಿತ್ತಲ್ಲ."

"ಏರಿಸಬೇಕು ಅಂತನೇ ಇದ್ದೆ. ಅಷ್ಟರಾಗ ಸೊರಬದ ಪೇಟಿ ಕೂಡಿಸಿ ಕೊಟ್ಟಾಗಿತ್ತು. ಚಂದ್ರಗುತ್ತೀದು ಆಗಿತ್ತು. ಒಂದನ್ನ ಏರಿಸಿದ್ರ ಎಲ್ಲಾ ಏರಿಸಬೇಕು. ಎಲ್ಲಾರಿಗೂ ಯಾಕ ಅಂತ ಹೇಳಬೇಕು." ಕನ್ನಡಕ ತೆಗೆದು, "ಪೇಪರಿಗೆ ಹಾಕಬ್ಯಾಡ್ರಿ ಮತ್ತೆ" ಎಂದರು.

ಹಾಕುವುದಿಲ್ಲ ಎಂದೆ. ಈಗ ಬರೆಯುತ್ತಿರುವುದು ಅವರಿಗೆ ಓದಿ ಹೇಳಿ, ಒಪ್ಪಿಗೆ ಪಡೆದ ಮೇಲೆ.

ಅವರ ಆಲೋಚನೆ ಇದಾಗಿತ್ತು: ಗುರುಗಳಿಗೆ ಮಾಡಿದ್ದನ್ನೇ ತಿರುಗಿಸಿ ಮಾಡುವುದು. ವಾರಕ್ಕೊಮ್ಮೆ ರೀಡುಗಳ ತುದಿಯನ್ನು ಸ್ವಲ್ಪ ಸ್ವಲ್ಪವೇ ಉಜ್ಜಿ ಏರಿಸುವುದು. ಅಕ್ಕನಿಗೆ ಹೇಳುವುದು ಬೇಡ. ಫೆಬ್ರುವರಿಯ ಹೊತ್ತಿಗೆ ಪೇಟಿ ಸರಿಯಾದ ಕರಿ ನಾಲ್ಕಕ್ಕೆ ಬಂದಿರುತ್ತದೆ, ದನಿ ಅದರ ಹಿಂದೆಯೇ ಹತ್ತಿರುತ್ತದೆ.

"ಹೇಳಿಯೇ ಮಾಡಿದರೆ?"

"ಹೇಳಿದ್ರ ಹೆದರಿ ಗಂಟಲು ಬಿಗಿ ಹಿಡಿತಾಳ. ದನಿ ಬಿಟ್ಟು ಹಾಡಬೇಕಾದ್ರ ಗೊತ್ತಿರಬಾರದು."

ಭಾಯ್‌ಗೆ ಮಾತ್ರ ಹೇಳಬೇಕಾಯಿತು, ತಬಲಾ ಏರಿಸಬೇಕಲ್ಲ. ಅವರು ಎಲ್ಲ ಕೇಳಿ, "ಅಂದ್ರೆ ಆ ಕೀಬೋರ್ಡ್ ಹುಡುಗ ಸರಿ ಇದ್ದ. ಪಾಪ, ಊಟನೂ ಮಾಡದೆ ಹೋದ" ಎಂದರು. ಆಮೇಲೆ, "ಮೇಷ್ಟ್ರೇ, ನೀವು ಹಂಗೆ ಹಂಗೆ ಏರಿಸ್ತಾ ಹೋಗಿ ನನ್ನ ತಬಲಾ ಚರ್ಮ ಹರಿದ್ರೆ ಗುರುಗಳ ಹೆಸರಲ್ಲೇ ಹೊಸದು ಕೊಡಿಸಬೇಕು" ಎಂದರು.

ಡಿಸೆಂಬರಿನಿಂದ ಶುರುವಾಯಿತು. ಸೊರಬದ ಸೋಮವಾರಗಳಿಗೂ ಮೇಷ್ಟ್ರು ತಮ್ಮದೇ ಪೇಟಿ ಹೊತ್ತು ಬಸ್ ಹತ್ತತೊಡಗಿದರು. ಅಕ್ಕ ಕೇಳಿದ್ದಕ್ಕೆ, ನಿಮ್ಮ ಪೇಟಿಯ ತಿದಿಯಲ್ಲಿ ಗಾಳಿ ಸೋರುತ್ತದೆ ಎಂದರು. ಮೊದಲ ವಾರ, ಎರಡನೇ ವಾರ ಏನೂ ಆಗಲಿಲ್ಲ. ಅಕ್ಕ ಎಂದಿನಂತೆ ಹಾಡಿದರು. ಮೂರನೆಯ ವಾರ ಆನವಟ್ಟಿಯವರು ತಮ್ಮ ಪೇಟಿಯೊಂದಿಗೆ ಬಂದಿದ್ದರು. ಎರಡೂ ಕೂಡಿ ನುಡಿಸಿದಾಗ ಕರಕರ ಎಂದಿತು. "ಮೇಷ್ಟ್ರೇ, ನಮ್ಮ ಪೇಟಿ ಇಳಿದುಬಿಟ್ಟಿದೆ" ಎಂದು ಅವರು ಬೇಸರಪಟ್ಟುಕೊಂಡರು. "ಚಳಿಗಾಲ" ಎಂದರು ಭಾಯ್, ಯಾರ ಮುಖವನ್ನೂ ನೋಡದೆ.

ಸಂಕ್ರಾಂತಿ ಕಳೆದ ಮೇಲಿನ ಸೋಮವಾರ ಸೊರಬದಲ್ಲಿ ಸೇರಿದ್ದೆವು. ಬಟ್ಟೆಯ ಗಂಟುಗಳನ್ನು ಬದಿಗೆ ಸರಿಸಿ, ಹೊಲಿಗೆ ಯಂತ್ರಗಳ ನಡುವೆ ಕೂತಿದ್ದೆವು. ಅಕ್ಕ ಒಂದು ವಚನ ಎತ್ತಿಕೊಂಡು, ಮೇಲಿನ ಗಾಂಧಾರದ ಹತ್ತಿರ ಬಂದು, ನಿಲ್ಲಿಸಿದರು. ಎದ್ದು ಯಂತ್ರದ ಡ್ರಾಯರಿನಿಂದ ಫೋನು ತೆಗೆದು ಪೇಟಿಯ ಮೇಲಿಟ್ಟರು. ತಂಬೂರಿಯನ್ನು ಮತ್ತೆ ಹಾಕಿಸಿಕೊಂಡಿದ್ದರು.

"ಒತ್ತಿ ಮೇಷ್ಟ್ರೇ. ಕರಿ ನಾಲ್ಕು."

ಮೇಷ್ಟ್ರು ಒತ್ತಿದರು. ಎರಡು ಸ್ವರಗಳೂ ಈಗ ಜಗಳವಾಡಲಿಲ್ಲ. ನಿಧಾನವಾಗಿ, ಉಯ್ಯಾಲೆಯಂತೆ ತೂಗಿದವು. ಇನ್ನೊಂದಿಷ್ಟು ಮಾತ್ರ ಉಳಿದಿತ್ತು.

"ಹೋದ ತಿಂಗಳೇ ಅನುಮಾನ ಬಂದಿತ್ತು. ಎಲ್ಲರಿಗೂ ಗೊತ್ತಿತ್ತಾ?"

ಭಾಯ್ ತಬಲಾದ ಮೇಲಿನ ಪುಡಿ ಒರೆಸತೊಡಗಿದರು. ನಾನು ಹೌದು ಎಂದೆ. ಮೇಷ್ಟ್ರು ಮೊದಲಿನಿಂದ ಹೇಳಿದರು: ಗುರುಗಳು, ದಸರಾ ರಜೆ, ಬುಡದಲ್ಲಿ ಉಜ್ಜಿದ್ದು, ಈಗ ತುದಿಯಲ್ಲಿ ಉಜ್ಜುತ್ತಿರುವುದು. ಅಕ್ಕ ಎಲ್ಲ ಮುಗಿದ ಮೇಲೆ ಕೇಳಿದರು:

"ಗುರುಗಳಿಗೆ ಇಳಿಸಿದ್ರಿ, ಸರಿ. ನನ್ನನ್ನ ಮೊದಲ ಸಲ ರೇಡಿಯೋಕ್ಕೆ ಕಳಿಸಿದ್ದು ಯಾರು?"

"ನಾನೇ."

"ಗೊತ್ತಿದ್ದೂ?"

"ಆವಾಗ ತಲಿಗೇ ಬರಲಿಲ್ಲವ್ವ. ಎಲ್ಲಾರಿಗೂ ಅದೇ ಕರಿ ನಾಲ್ಕು ಆಗಿಬಿಟ್ಟಿತ್ತು. ನನಗೂ."

"ನನ್ನ ಗಂಟಲೇ ಸರಿ ಇಲ್ಲ ಅಂತ ಇಷ್ಟು ವರ್ಷ ತಿಳ್ಕೊಂಡಿದ್ದೆ."

ಅಕ್ಕ, "ಇವತ್ತಿಗೆ ಸಾಕು" ಎಂದು ಅಂಗಡಿಯ ಷಟರ್ ಅರ್ಧ ಎಳೆದರು. ನಾವು ಬಗ್ಗಿ ಹೊರಬಂದೆವು. ಪೇಟಿಯನ್ನು ಭಾಯ್ ಹೊತ್ತುಕೊಂಡರು. ಬಸ್ಸಿನಲ್ಲಿ ಶಿರಾಳಕೊಪ್ಪ ದಾಟಿದ ಮೇಲೆ ಭಾಯ್, "ಬೈದಿದ್ರೆ ಚೆನ್ನಾಗಿತ್ತು" ಎಂದರು.

ಮುಂದಿನ ಸೋಮವಾರ ಅಕ್ಕ ಬರಲಿಲ್ಲ. ಮಹಡಿಯಲ್ಲಿ ನಾವು ಮೂವರು ಕೂತು ಮಂಡಕ್ಕಿ ತಿಂದೆವು. ಮೇಷ್ಟ್ರು ಪೇಟಿಯ ಬಟ್ಟೆಯನ್ನೂ ತೆಗೆಯಲಿಲ್ಲ. ರೀಡು ಉಜ್ಜುವುದನ್ನೂ ನಿಲ್ಲಿಸಿದ್ದರು. "ಹಿಂಗೇ ನಡುವ ಬಿಟ್ರ ಈ ಪೇಟಿ ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಗುರುವಾರ ನಾನು ಕೃಷಿ ಮಾರುಕಟ್ಟೆಯ ಸುದ್ದಿ ಬರೆಯುತ್ತಿದ್ದಾಗ ಅಕ್ಕನ ಫೋನು ಬಂತು. ಹಿಂದಿನಿಂದ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು.

"ಎಷ್ಟು ಉಳಿದಿದೆಯಂತೆ?"

"ಸ್ವಲ್ಪ. ಇನ್ನೆರಡು ವಾರದ್ದು ಅಂದಿದ್ದರು."

"ವಾರ ಎಲ್ಲ ಬೇಡ. ಒಂದೇ ಸಲ ಏರಿಸಿಬಿಡಿ ಅಂತ ಹೇಳಿ. ಕದ್ದು ಏರಿಸೋದು ಎಂತಕ್ಕೆ? ಗೊತ್ತಿದ್ದೇ ಹಾಡ್ತೀನಿ."

"ನೀವೇ ಅವರಿಗೆ ಹೇಳಬಹುದಲ್ಲ."

"ಈಗ ಬೇಡ. ನಿಮ್ಮ ಕೆಲಸ ಸುದ್ದಿ ಮುಟ್ಟಿಸೋದು ಅಲ್ದಾ, ಮುಟ್ಟಿಸಿ."

ಮುಟ್ಟಿಸಿದೆ. ಮೇಷ್ಟ್ರು ಅಂದೇ ಕೂತರು. ಮೊದಲು ಬುಡದಲ್ಲಿ, ಈಗ ತುದಿಯಲ್ಲಿ ಉಜ್ಜಿಸಿಕೊಂಡು ರೀಡುಗಳು ತೆಳುವಾಗಿದ್ದವು. ಒಂದೊಂದನ್ನೂ ಹಿಡಿದು ಉಸಿರು ಬಿಗಿಹಿಡಿದೇ ಅರ ಆಡಿಸುತ್ತಿದ್ದರು. ಕೊನೆಯ ಹೊತ್ತಿಗೆ ಒಂದು ಮುರಿಯಿತು. ಅದು ಕರಿ ನಾಲ್ಕರದು, ಅಕ್ಕನ ಷಡ್ಜ.

ಭಾಯ್ ಗಾದಿಯ ಹತ್ತಿ ತರಲು ಹುಬ್ಬಳ್ಳಿಗೆ ಹೋಗುವವರಿದ್ದರು. ಅಲ್ಲಿಂದ ಒಂದು ರೀಡು ತಂದರು. ಮೇಷ್ಟ್ರು ಅದನ್ನು ಕೂರಿಸಿದರು. ಅದಕ್ಕೆ ಅರ ತಾಗಿಸಬೇಕಾಗಲಿಲ್ಲ. ಹೊಸದು ಸರಿಯಾದ ಜಾಗದಲ್ಲೇ ಇತ್ತು. ಆದರೆ ಉಳಿದವುಗಳ ನಡುವೆ ಅದರ ದನಿ ಮಾತ್ರ ಬೇರೆ, ಸ್ವಲ್ಪ ಗಡುಸು.

ಸೋಮವಾರ ಸೊರಬದ ಸರದಿಯಾಗಿದ್ದರೂ ಅಕ್ಕನೇ ಮಹಡಿಗೆ ಬಂದರು. ಚಪ್ಪಲಿ ಬಿಟ್ಟು, ಮೇಷ್ಟ್ರ ಎದುರಿಗೆ ಕೂತರು. ಕುಶಲ ಕೇಳಲಿಲ್ಲ. ಮೇಷ್ಟ್ರು ಕರಿ ನಾಲ್ಕು ಒತ್ತಿ ಹಿಡಿದರು.

"ಇದೆಂತ ಕಿರುಚ್ತದೆ?"

"ಹೊಸಾ ರೀಡು. ಹಳೇದು ಮುರೀತು. ನಾಲ್ಕು ದಿನ ನುಡಿಸಿದ್ರ ಮೆತ್ತಗಾಗ್ತೈತಿ."

ಅಕ್ಕ ಕೇಳುತ್ತ ಕೂತರು. ಆಮೇಲೆ ಅದರ ಮೇಲೆ ದನಿ ಇಟ್ಟರು. ಮೊದಲ ಸಲ ಜಾರಿತು. ಎರಡನೇ ಸಲವೂ ಜಾರಿತು. "ಮತ್ತೊಂದು ಸಲ" ಎಂದರು. ಅಂದು ಹಾಡು ಹಾಡಲಿಲ್ಲ. ಬಸ್ಸಿನ ಹಾರನ್ ಆಗುವವರೆಗೂ ಷಡ್ಜ ಒಂದನ್ನೇ ಹಿಡಿದು ಕೂತಿದ್ದರು. ಏಳುವಾಗ ಹೇಳಿದರು:

"ಮೇಷ್ಟ್ರೇ, ಮುಂದೆ ನನಗೂ ವಯಸ್ಸಾಗ್ತದೆ. ಇಳಿಸೋದಾದ್ರೆ ಕೇಳಿ ಇಳಿಸಿ."

"ಕೇಳ್ತೀನವ್ವ" ಎಂದರು ಮೇಷ್ಟ್ರು.

ಫೆಬ್ರುವರಿಯಲ್ಲಿ ಪರೀಕ್ಷೆಗೆ ನಾಲ್ವರೂ ಹೋದೆವು. ಒಳಗೆ ಅವರೊಬ್ಬರನ್ನೇ ಬಿಟ್ಟರು. ವಾದ್ಯದವರು ಕೇಂದ್ರದವರೇ. ಮೇಷ್ಟ್ರು ಹೊರಗಿನ ಬೆಂಚಿನಲ್ಲಿ ಕೂತು, ತೊಡೆಯ ಮೇಲೆ ಬೆರಳಾಡಿಸುತ್ತಿದ್ದರು. "ಮೇಷ್ಟ್ರೇ, ತೊಡೆ ಶ್ರುತಿ ಸರಿ ಇದೆಯಾ ನೋಡ್ಕಳ್ರಿ" ಎಂದರು ಭಾಯ್. ಮೇಷ್ಟ್ರು ನಗಲಿಲ್ಲ.

ಅಕ್ಕ ಹೊರಗೆ ಬಂದು ನೀರು ಕುಡಿದರು.

"ಕರಿ ನಾಲ್ಕು ಅಂದೆ. ಒತ್ತಿದ್ರು. ಹಾಡಿದೆ."

"ನಿಂತಿತೇನವ್ವ?"

"ನಿಂತಿತು. ಗಾಂಧಾರದಲ್ಲಿ ಒಂದು ಸಲ ಗೀರಿತು. ಮತ್ತೆಲ್ಲೂ ಇಲ್ಲ."

ಫಲಿತಾಂಶ ಬೇಸಿಗೆಯಲ್ಲಿ ಬಂತು. ಅಕ್ಕ ತೇರ್ಗಡೆಯಾಗಿದ್ದರು, ಎಲ್ಲಕ್ಕಿಂತ ಕೆಳಗಿನ, ಮೊದಲ ಮೆಟ್ಟಿಲಿನ ದರ್ಜೆಯಲ್ಲಿ. ಅವರ ಹಾಡು ಮಳೆಗಾಲದ ಆರಂಭದಲ್ಲಿ ಒಂದು ಬೆಳಿಗ್ಗೆ ಪ್ರಸಾರವಾಯಿತು. ಮೇಷ್ಟ್ರು ಮನೆಯಲ್ಲಿ ರೇಡಿಯೋದ ಮುಂದೆ ಪೇಟಿ ಇಟ್ಟುಕೊಂಡು, ಕರಿ ನಾಲ್ಕು ಒತ್ತಿ, ಹಾಡು ಮುಗಿಯುವವರೆಗೆ ಬೆರಳು ತೆಗೆಯಲಿಲ್ಲ.

ಇತರ ಪೇಟಿಗಳನ್ನು ಏರಿಸುವ ಕೆಲಸ ನಡೆದಿದೆ. ಅಕ್ಕನದು ಮುಗಿದಿದೆ. ಆನವಟ್ಟಿಯದು ಮುಗಿದಿದೆ. ಚಂದ್ರಗುತ್ತಿಯ ಭಜನೆಯವರು ಕಳೆದ ಸೋಮವಾರ ತಮ್ಮದನ್ನು ತಂದು ಮೇಷ್ಟ್ರ ಪೇಟಿಯ ಪಕ್ಕದಲ್ಲಿ ಇಟ್ಟು ಹೋಗಿದ್ದಾರೆ. ಹೊಸಬಾಳೆಯವರು ತಮ್ಮ ಪೇಟಿ ಏರಿಸುವುದು ಬೇಡ ಎಂದಿದ್ದಾರೆ. ಅಲ್ಲಿ ಮುಂದೆ ನಿಂತು ಹಾಡುವವರಿಗೆ ಎಪ್ಪತ್ತು ದಾಟಿದೆ.